ತೋಳು ಮುಂದಕ್ಕೆ ಬಂದಿತ್ತೆ?

ನವೆಂಬರ್‌ನ ಎರಡನೆಯ ಶುಕ್ರವಾರ ಸಂಜೆ ನಾಲ್ಕು ಗಂಟೆ ಮೂವತ್ತೆಂಟು ನಿಮಿಷಕ್ಕೆ ರೆಡ್ ಮಿಲ್ ಹೈಸ್ಕೂಲಿನ ಮೈದಾನದ ಗಡಿಯಾರ ಸೊನ್ನೆ ತೋರಿಸಿತು. ಅಮೆರಿಕನ್ ಫುಟ್‌ಬಾಲಿನ ಸೆಮಿಫೈನಲ್ ಅದು. ಆಗ ಅಂಕ ರೆಡ್ ಮಿಲ್ ಇಪ್ಪತ್ತು, ವೆಲ್‌ಬರ್ಗ್ ಹದಿನಾರು. ಚೆಂಡು ಗೋಲು ಗೆರೆಯ ಆಚೆ, ವೆಲ್‌ಬರ್ಗ್‌ನ ಹುಡುಗನೊಬ್ಬನ ಹೊಟ್ಟೆಯಡಿ ಇತ್ತು. ಅದು ಟಚ್‌ಡೌನ್ ಆದರೆ ಆರು ಅಂಕ ಸೇರಿ ವೆಲ್‌ಬರ್ಗ್ ನೆಬ್ರಾಸ್ಕಾ ರಾಜ್ಯದ ಫೈನಲ್‌ಗೆ ಹೋಗುತ್ತಿತ್ತು. ಅಲ್ಲವಾದರೆ ಫೈನಲ್ ರೆಡ್ ಮಿಲ್‌ನದು.

ತೀರ್ಪುಗಾರರ ಮುಖ್ಯಸ್ಥ, ರೆಫರಿ ಲೈಲ್ ಹೋಲ್ಶರ್ ಸೀಟಿ ಊದುತ್ತ ಓಡಿಬಂದ. ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಬೀಸಿದ. ಟಚ್‌ಡೌನ್ ಅಲ್ಲ ಎಂದ.

ಗೋಲು ಗೆರೆಯ ಮೇಲೆ ನಿಂತಿದ್ದ ಗೆರೆಯ ತೀರ್ಪುಗಾರ ವರ್ನನ್ ಎಕ್ ಅವರ ಎರಡೂ ಕೈಗಳು ಅಷ್ಟರಲ್ಲಿ ಹೆಗಲಿನ ಮಟ್ಟಕ್ಕೆ ಏರಿದ್ದವು. ಟಚ್‌ಡೌನ್ ಎಂದು ಸಾರಲು ಕೈಗಳು ಇನ್ನೂ ಮೇಲೆ ಹೋಗಬೇಕು. ಬಿಳಿ ಟೊಪ್ಪಿಯ ರೆಫರಿ ಬೇರೆ ಹೇಳುತ್ತಿರುವುದನ್ನು ಕಂಡು ಅವರು ಕೈಗಳನ್ನು ಇಳಿಸಿಕೊಂಡರು.

ನಡೆದದ್ದು ಇಷ್ಟು. ವೆಲ್‌ಬರ್ಗ್‌ಗೆ ಅದು ನಾಲ್ಕನೆಯ, ಅಂದರೆ ಕೊನೆಯ ಯತ್ನ. ಗೋಲಿಗೆ ಆರು ಗಜ ಬಾಕಿ, ಗಡಿಯಾರದಲ್ಲಿ ಐದು ಸೆಕೆಂಡು. ಚೆಂಡು ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಕೇಡ್ ಮರೇಶ್ ಚೆಂಡು ಪಡೆದು ಹಿಂದೆ ಸರಿದ. ಎಸೆಯಲು ಒಮ್ಮೆ ತೋಳು ಎತ್ತಿದ. ಚೆಂಡು ಹಿಡಿಯಲು ತನ್ನವರು ಯಾರೂ ಸಿಗಲಿಲ್ಲ. ಚೆಂಡನ್ನು ಎದೆಗೆ ಇಳಿಸಿಕೊಂಡು ಓಡಲು ಹೊರಟ. ಗೋಲು ಗೆರೆಯಿಂದ ಒಂಬತ್ತನೆಯ ಗಜದ ಬಳಿ ರೆಡ್ ಮಿಲ್‌ನ ಆಟಗಾರನೊಬ್ಬ ಪಕ್ಕೆಗೆ ಹೆಗಲು ಕೊಟ್ಟು ಗುದ್ದಿದ. ಚೆಂಡು ಜಾರಿ ಮುಂದಕ್ಕೆ ಹಾರಿ, ನೆಲಕ್ಕೆ ಬಿದ್ದು, ಪುಟಿದು ಗೋಲು ಗೆರೆ ದಾಟಿತು. ಕೇಡ್‌ನ ತಂಡದವನೇ ಆದ ಟ್ಯಾನರ್ ವೊಬೋರಿಲ್ ಎಂಬ ದಢೂತಿ ಹುಡುಗ ಅದರ ಮೇಲೆ ಬಿದ್ದ.

ಎಸೆಯುವವನ ತೋಳು ಮುಂದಕ್ಕೆ ಚಲಿಸಲು ಶುರುವಾದ ಮೇಲೆ ಪೆಟ್ಟು ಬಿದ್ದು ಚೆಂಡು ಹಾರಿದರೆ ಅದು ಪಾಸ್. ಪಾಸ್ ನೆಲ ಮುಟ್ಟಿದ ಕ್ಷಣ ಆಟ ಸತ್ತಿತು. ತೋಳು ಮುಂದಕ್ಕೆ ಬರದೆಯೇ ಚೆಂಡು ಕೈಜಾರಿದರೆ ಅದು ಫಂಬಲ್. ಆಗ ಚೆಂಡಿಗೆ ಜೀವ ಇರುತ್ತದೆ, ಹಿಡಿದವನ ಪಾಲು. ಇದನ್ನು ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್‌ನ ಹಿಂದೆ ನಿಲ್ಲುವ ರೆಫರಿ. ಲೈಲ್ ಹತ್ತು ಹೆಜ್ಜೆ ಹಿಂದೆ, ಬಲಗಡೆ ಇದ್ದ. ಕೇಡ್‌ನ ಮೊಣಕೈ ಪಕ್ಕೆಗೆ ಅಂಟಿಕೊಂಡಿದ್ದನ್ನು ಕಂಡ. ಸೊಂಟಕ್ಕೆ ಸಿಕ್ಕಿಸಿದ್ದ ನೀಲಿ ಚೀಲವನ್ನು ಕಿತ್ತು ಒಂಬತ್ತನೆಯ ಗಜದಲ್ಲಿ ಎಸೆದ. ಅಂಗೈಯಗಲದ, ಕಾಳು ತುಂಬಿದ ಆ ಚೀಲ ಬಿದ್ದಲ್ಲಿ ಫಂಬಲ್ ಆಗಿದೆ ಎಂದು ಅರ್ಥ. ಅಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಸರಿಯಾಗಿತ್ತು.

ಇಬ್ಬರು ಕೋಚ್‌ಗಳನ್ನೂ ಕರೆದು ಅವನು ಗಟ್ಟಿ ದನಿಯಲ್ಲಿ ಹೇಳಿದ: "ಫಂಬಲ್. ಆದ್ರೆ ನಾಲ್ಕನೇ ಯತ್ನ. ಕೈಜಾರಿಸಿದವನೇ ಹಿಡಿದಿದ್ರೆ ಲೆಕ್ಕಕ್ಕಿತ್ತು. ಬೇರೆಯವ ಹಿಡಿದ. ಚೆಂಡು ವಾಪಸ್ ಒಂಬತ್ತಕ್ಕೆ. ಸಮಯ ಮುಗೀತು."

ರೆಡ್ ಮಿಲ್‌ನ ಕೋಚ್ ಟೊಪ್ಪಿಯನ್ನು ಮೇಲಕ್ಕೆ ಎಸೆದು ತನ್ನ ಹುಡುಗರ ಕಡೆ ಓಡಿದ. ಊರವರು ಬೇಲಿ ದಾಟಿ ಮೈದಾನಕ್ಕೆ ಇಳಿಯತೊಡಗಿದರು. ಬ್ಯಾಂಡಿನವರು ಶಾಲೆಯ ಹಾಡು ಎತ್ತಿಕೊಂಡರು.

ವೆಲ್‌ಬರ್ಗ್‌ನ ಕೋಚ್ ಮಿಲೋ ಸ್ವೋಬೋಡ ಹೋಗಲಿಲ್ಲ. ಅವನು ಆ ಊರಿನಲ್ಲಿ ಗಣಿತದ ಮೇಷ್ಟ್ರು. ಕೂಗಾಡುವ ಜಾತಿಯವನಲ್ಲ.

"ಲೈಲ್, ನೀನು ಕಂಡದ್ದರ ಬಗ್ಗೆ ನನ್ನ ತಕರಾರಿಲ್ಲ. ಕಂಡದ್ದು ನಿನ್ನದು. ಫಂಬಲ್ ಅಂದೆಯಲ್ಲ?"

"ಅಂದೆ."

"ಹಾಗಾದ್ರೆ ನಿಯಮದ ಬಗ್ಗೆ ಮಾತಾಡ್ಬೇಕು. ನೀನು ಚೆಂಡು ತಲೆ ಮೇಲೆ ಎತ್ತಿ ಪಂದ್ಯ ಮುಗೀತು ಅನ್ನೋಕೆ ಮುಂಚೆ ಕೇಳ್ತಿದೀನಿ. ಅಷ್ಟು ಹಕ್ಕು ನನಗಿದೆ."

"ನಿನ್ನ ಹತ್ರ ಟೈಮ್‌ಔಟ್ ಉಳಿದಿಲ್ಲ, ಕೋಚ್. ನೀನು ಹೇಳಿದ್ದು ತಪ್ಪಾದ್ರೆ ದಂಡ ಹಾಕ್ಬೇಕಾಗುತ್ತೆ."

"ಐದು ಗಜ ತಾನೆ? ಹಾಕು. ಪಂದ್ಯ ಮುಗಿದ ಮೇಲೆ ಆ ಐದು ಗಜ ಇಟ್ಕೊಂಡು ನಾನೇನು ಜೋಳ ಬಿತ್ಲಾ?"

ಲೈಲ್‌ಗೆ ನಗು ಬಂತು. ಸ್ವೋಬೋಡ ನಗಲಿಲ್ಲ.

"ಕೈಜಾರಿಸಿದವನೇ ಹಿಡೀಬೇಕು ಅಂದೆಯಲ್ಲ, ಅದು ಶನಿವಾರದ ನಿಯಮ. ಇವತ್ತು ಶುಕ್ರವಾರ, ಲೈಲ್."

ಆ ನಾಡಿನಲ್ಲಿ ಶುಕ್ರವಾರ ಹೈಸ್ಕೂಲಿನ ಆಟ, ಶನಿವಾರ ಕಾಲೇಜಿನದು, ಭಾನುವಾರ ಹಣಕ್ಕೆ ಆಡುವವರದು. ಚೆಂಡು ಒಂದೇ, ಮೈದಾನ ಒಂದೇ, ನಿಯಮದ ಪುಸ್ತಕ ಮಾತ್ರ ಮೂರು. ನಾಲ್ಕನೆಯ ಯತ್ನದಲ್ಲಿ ಕೈಜಾರಿದ ಚೆಂಡನ್ನು ಅದೇ ಆಟಗಾರ ಹಿಡಿಯಬೇಕು ಎಂಬುದು ಕಾಲೇಜಿನ ಪುಸ್ತಕದಲ್ಲಿದೆ, ಭಾನುವಾರದ ಪುಸ್ತಕದಲ್ಲೂ ಇದೆ. ಟಿ.ವಿ. ನೋಡುವ ಪ್ರತಿಯೊಬ್ಬನಿಗೂ ಅದು ಗೊತ್ತು. ಹೈಸ್ಕೂಲಿನ ಪುಸ್ತಕದಲ್ಲಿ ಅಂಥ ನಿಯಮ ಇಲ್ಲ. ಯಾರು ಬೇಕಾದರೂ ಹಿಡಿಯಬಹುದು. ಲೈಲ್ ಆರು ವರ್ಷಗಳಿಂದ ಶುಕ್ರವಾರ ಹೈಸ್ಕೂಲಿನ ಪಂದ್ಯಕ್ಕೂ ಶನಿವಾರ ಸಣ್ಣ ಕಾಲೇಜುಗಳ ಪಂದ್ಯಕ್ಕೂ ನಿಲ್ಲುತ್ತಿದ್ದ. ಹಿಂದಿನ ಶನಿವಾರವಷ್ಟೇ ಇಂಥದೇ ಚೆಂಡನ್ನು ಹಿಂದಕ್ಕೆ ತರಿಸಿದ್ದ. ಆಗ ಅದು ಸರಿಯಾಗಿತ್ತು.

ಅವನು ಒಂಬತ್ತನೆಯ ಗಜದಲ್ಲಿ ಬಿದ್ದಿದ್ದ ನೀಲಿ ಚೀಲದ ಕಡೆ ನೋಡಿದ.

"ನನ್ನ ತಂಡದ ಜೊತೆ ಮಾತಾಡ್ತೀನಿ, ಕೋಚ್. ನಿನ್ನ ಹುಡುಗರನ್ನ ಮೈದಾನ ಬಿಡ್ಬೇಡ ಅನ್ನು."

"ಅವರು ಎಲ್ಲೂ ಹೋಗಲ್ಲ," ಎಂದ ಸ್ವೋಬೋಡ.

ಐವರು ತೀರ್ಪುಗಾರರಲ್ಲಿ ವಯಸ್ಸಿನಲ್ಲಿ ಚಿಕ್ಕವರಿಬ್ಬರು, ಒಳಗೆ ನುಗ್ಗಿದ ಜನರನ್ನು ಬೇಲಿಯ ಕಡೆಗೆ ತಳ್ಳಲು ಹೋದರು. ಲೈಲ್, ವರ್ನನ್ ಮತ್ತು ಡೆನ್ನಿಸ್ ಪ್ರೋಖಾಸ್ಕಾ ಹದಿನೈದನೆಯ ಗಜದ ಹತ್ತಿರ ತಲೆ ಸೇರಿಸಿ ನಿಂತರು. ಡೆನ್ನಿಸ್ ವಿಮೆ ಮಾರುವವನು. ಮೈದಾನದಲ್ಲಿ ಅವನು ಅಂಪೈರ್, ಅವನ ಜಾಗ ರಕ್ಷಣೆಯ ಸಾಲಿನ ಹಿಂದೆ, ಅಂದರೆ ಕ್ವಾರ್ಟರ್‌ಬ್ಯಾಕ್‌ನ ಎದುರಿಗೆ.

ಈ ಐವರಿಗೂ ಆ ಪಂದ್ಯದ ಮೇಲೆ ಒಂದು ಆಸೆ ಇತ್ತು. ಫೈನಲ್‌ಗೆ ಯಾವ ತೀರ್ಪುಗಾರರ ತಂಡವನ್ನು ಕಳಿಸಬೇಕು ಎಂಬುದನ್ನು ರಾಜ್ಯದ ಶಾಲಾ ಕ್ರೀಡಾ ಸಂಘ ಸೆಮಿಫೈನಲ್ ನೋಡಿ ನಿರ್ಧರಿಸುತ್ತದೆ. ಅದಕ್ಕಾಗಿ ಬಂದಿದ್ದ ವೀಕ್ಷಕ ಮೇಲುಗಡೆ ಪತ್ರಕರ್ತರ ಕೋಣೆಯಲ್ಲಿ ದುರ್ಬೀನು ಹಿಡಿದು ಕುಳಿತಿದ್ದ. ಲೈಲ್‌ಗೆ ಫೈನಲ್ ಇನ್ನೂ ಹತ್ತು ವರ್ಷ ಬಿಟ್ಟು ಸಿಕ್ಕರೂ ಆದೀತು. ವರ್ನನ್‌ಗೆ ಆಗದು. ಹಳ್ಳಿಗಳಿಗೆ ಅಂಚೆ ಹಂಚಿ ನಿವೃತ್ತರಾದ ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗೆರೆಯ ಮೇಲೆ ನಿಂತವರು. ಫೈನಲ್ ಒಮ್ಮೆಯೂ ಸಿಕ್ಕಿರಲಿಲ್ಲ. ಮಂಡಿಗೆ ಲೋಹದ ಪಟ್ಟಿ ಕಟ್ಟಿಕೊಂಡು ಇದೊಂದು ವರ್ಷ ಎಂದು ಬಂದಿದ್ದರು. ಬೆಳಿಗ್ಗೆ ಕಾರಿನಲ್ಲಿ ಡೆನ್ನಿಸ್ ಅವರನ್ನು ಕೆಣಕಿದ್ದ: "ಫೈನಲ್‌ಗೆ ಹೋದ್ರೆ ನಿಮ್ಮ ಮಂಡಿಗೆ ಬೇರೆ ಸೀಟು ಬೇಕಾಗುತ್ತೆ, ವರ್ನ್." ಅವರು, "ನನ್ನ ಮಂಡಿ ನಿನ್ನಷ್ಟು ಮಾತಾಡಲ್ಲ, ಅದನ್ನ ಕರ್ಕೊಂಡು ಹೋಗೋದೇ ಸುಲಭ," ಎಂದಿದ್ದರು.

ಹೆಂಡತಿ ಬಿಟ್ಟುಹೋದ ವರ್ಷ ಲೈಲ್ ಬಿತ್ತನೆ ಬೀಜದ ಅಂಗಡಿ ಮುಚ್ಚಿ ಮನೆಯೊಳಗೆ ಕುಳಿತಿದ್ದ. ಆಗ ಪ್ರತಿ ಶುಕ್ರವಾರ ಅವನ ಮನೆ ಮುಂದೆ ಕಾರು ನಿಲ್ಲಿಸಿ, ಅವನು ಹೊರಗೆ ಬರುವವರೆಗೂ ಹಾರನ್ ಹೊಡೆದವರು ವರ್ನನ್. ತೀರ್ಪುಗಾರರ ಪಟ್ಟೆ ಅಂಗಿ ಕೊಟ್ಟವರೂ ಅವರೇ. ಚರ್ಮ ಕಾಣದೆ ಸೀಟಿ ಊದಬೇಡ, ಅಂದರೆ ಚೆಂಡು ಯಾರ ಕೈಯಲ್ಲಿದೆ ಎಂದು ಕಣ್ಣಾರೆ ಕಾಣುವವರೆಗೆ ಆಟ ನಿಲ್ಲಿಸಬೇಡ, ಎಂದು ಕಲಿಸಿದವರೂ ಅವರೇ.

"ನಾಲ್ಕನೇ ಯತ್ನದ ನಿಯಮ ನಮ್ಮಲ್ಲಿ ಇಲ್ಲ. ಅಲ್ವಾ?" ಎಂದ ಲೈಲ್.

ಡೆನ್ನಿಸ್ ವರ್ನನ್ ಕಡೆ ತಿರುಗಿದ.

"ಇಲ್ಲ," ಎಂದರು ವರ್ನನ್.

"ನೀವು ಕೈ ಎತ್ತಿದ್ರಿ."

"ಎತ್ತಿದ್ದೆ. ನೀನು ಬಂದೆ. ಇಳಿಸಿದೆ. ನನಗೆ ಕಾಣದ್ದು ನಿನಗೆ ಏನೋ ಕಂಡಿರ್ಬೇಕು ಅಂದ್ಕೊಂಡೆ."

"ನಾನು ಫಂಬಲ್ ಅಂತ ಇಬ್ಬರು ಕೋಚ್‌ಗಳ ಮುಂದೆ ಹೇಳಿದೀನಿ."

"ಕೇಳಿಸ್ತು," ಎಂದ ಡೆನ್ನಿಸ್. ಅವನು ಮೇಲಿನ ಕೋಣೆಯ ಕಿಟಕಿ ಕಡೆ ನೋಡಿ ದನಿ ತಗ್ಗಿಸಿದ. "ಕೇಳು, ಲೈಲ್. ಈಗ ನೀನು ಹೋಗಿ, ನನಗೆ ನಿಯಮ ಗೊತ್ತಿರ್ಲಿಲ್ಲ, ಕೋಚ್ ಹೇಳಿಕೊಟ್ಟ, ಅದಕ್ಕೆ ಟಚ್‌ಡೌನ್ ಅಂತೀಯ. ಆ ಮೇಲೆ ಕೂತವನು ಬರ್ಕೋತಾನೆ. ಕಣ್ಣು ತಪ್ಪಿದ್ರೆ ಕ್ಷಮೆ ಉಂಟು. ನಿಯಮ ತಪ್ಪಿದ್ರೆ ಇಲ್ಲ. ಹೋದ ವರ್ಷ ಪಶ್ಚಿಮದ ತೀರ್ಪುಗಾರರಿಗೆ ಹೀಗೇ ಫೈನಲ್ ಕೈತಪ್ಪಿತು, ಗೊತ್ತಲ್ಲ."

"ಗೊತ್ತು."

"ವರ್ನ್ ಫೈನಲ್‌ನ ಟಿ.ವಿ.ಯಲ್ಲಿ ನೋಡ್ಬೇಕಾಗುತ್ತೆ. ಕೊನೇ ಸಲ."

ವರ್ನನ್ ಮಂಡಿಯ ಪಟ್ಟಿಯನ್ನು ಬಗ್ಗಿ ಸರಿಮಾಡಿಕೊಂಡರು. ಅವರ ಹೆಂಡತಿ ಪಾಲೀನ್ ಮೆಟ್ಟಿಲಿನ ಮೂರನೆಯ ಸಾಲಿನಲ್ಲಿ ಕಂಬಳಿ ಹೊದ್ದು ಎದ್ದು ನಿಂತಿದ್ದರು. ಎಲ್ಲರೂ ಯಾಕೆ ನಿಂತಿದ್ದಾರೆ ಎಂದು ಪಕ್ಕದವರನ್ನು ಕೇಳುತ್ತಿದ್ದರು.

"ತೋಳು ಮುಂದಕ್ಕೆ ಬಂದಿದ್ರೆ ಪಾಸ್," ಎಂದ ಡೆನ್ನಿಸ್. "ಪಾಸ್ ನೆಲಕ್ಕೆ ಬಿತ್ತು. ಆಟ ಸತ್ತಿತು. ನಾಲ್ಕನೇ ಯತ್ನದ ಮಾತೇ ಏಳಲ್ಲ. ಯಾರ ಪುಸ್ತಕದಲ್ಲಾದ್ರೂ ಸರಿ, ರೆಡ್ ಮಿಲ್ ಗೆದ್ದಿದೆ. ನೀನು ಮೊದಲು ಹೇಳಿದ ಫಲಿತಾಂಶವೇ ಉಳಿಯುತ್ತೆ."

"ತೋಳು ಮುಂದಕ್ಕೆ ಬರ್ಲಿಲ್ಲ, ಡೆನ್ನಿಸ್."

"ನಾನು ಎದುರಿಗಿದ್ದೆ."

"ನೀನು ನೋಡಿದೆಯಾ?"

"ನೋಡಿರ್ಬೇಕಾ?"

ಲೈಲ್ ಅವನ ಮುಖ ನೋಡಿದ. ಡೆನ್ನಿಸ್ ತಮಾಷೆ ಮಾಡುತ್ತಿರಲಿಲ್ಲ. ತಂಡದವರು ಸೇರಿ ಮಾತಾಡಿ ತೀರ್ಪು ಬದಲಿಸುವುದು ನಿಯಮಬದ್ಧವೇ. ಪ್ರತಿ ವಾರ ಎಲ್ಲಾದರೂ ನಡೆಯುತ್ತದೆ. ಎದುರಿಗಿದ್ದವನಿಗೆ ಕಂಡಿತು, ಹಿಂದಿದ್ದವನು ಒಪ್ಪಿದ, ಅಷ್ಟೇ. ಕಂಡದ್ದರ ಬಗ್ಗೆ ಪ್ರಶ್ನೆ ಎತ್ತಲು ಯಾವ ಕೋಚ್‌ಗೂ ಹಕ್ಕಿಲ್ಲ.

"ವರ್ನ್, ನೀವೇನಂತೀರಿ?"

"ತೋಳು ನೋಡೋದು ನಿನ್ನ ಕೆಲಸ, ಲೈಲ್. ನಾನು ನಿಂತ ಕಡೆಯಿಂದ ತೋಳು ಕಾಣಲ್ಲ."

"ನಿಮ್ಮನ್ನ ಅದನ್ನ ಕೇಳ್ತಿಲ್ಲ."

"ನಾನು ಹೇಳೋಕಾಗೋದು ಅದೊಂದೇ."

ಬೇಲಿಯ ಕಡೆಯಿಂದ ಯಾರೋ ಕೂಗಿದರು: "ಏನಯ್ಯಾ ಹೋಲ್ಶರ್, ಹಸು ಕೊಳ್ತಿದೀರಾ ಅಲ್ಲಿ? ಬೇಗ ಬೆಲೆ ಕಟ್ಟಿ." ಸುತ್ತಲಿನವರು ನಕ್ಕರು. ರೆಡ್ ಮಿಲ್‌ನ ಕೋಚ್ ಹತ್ತಿರ ಬಂದು, "ಅವನಿಗಿನ್ನೇನು ಬೇಕಂತೆ? ಗಣಿತದ ಮೇಷ್ಟ್ರಿಗೆ ಸೊನ್ನೆ ಓದೋಕೆ ಬರಲ್ವಾ?" ಎಂದ. ಡೆನ್ನಿಸ್ ಅವನನ್ನು ತೋಳು ಹಿಡಿದು ದೂರ ಕರೆದೊಯ್ದ. ಹಿಂತಿರುಗುವಾಗ ಒಂಬತ್ತನೆಯ ಗಜದಲ್ಲಿ ಬಗ್ಗಿ ನೀಲಿ ಚೀಲವನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡ. ಲೈಲ್ ಅದನ್ನು ಕಂಡ. ವರ್ನನ್ ಕೂಡ ಕಂಡರು.

ಲೈಲ್ ಕಣ್ಣು ಮುಚ್ಚಿ ಆಟವನ್ನು ಮತ್ತೆ ನೋಡಲು ಯತ್ನಿಸಿದ. ಕೇಡ್ ಹಿಂದೆ ಸರಿದ. ತೋಳು ಎತ್ತಿದ. ಆ ತೋಳು ನಿಜ. ಆಮೇಲೆ ಇಳಿಸಿದ. ಆಮೇಲೆ ಪೆಟ್ಟು. ತೋಳು ಎತ್ತಿದ್ದಕ್ಕೂ ಪೆಟ್ಟಿಗೂ ನಡುವೆ ಒಂದು ಸೆಕೆಂಡು, ಹೆಚ್ಚೆಂದರೆ ಒಂದೂವರೆ. ಆ ನಡುವಿನದನ್ನು ತೆಗೆದುಬಿಟ್ಟರೆ ಎತ್ತಿದ ತೋಳಿಗೇ ಪೆಟ್ಟು ಬಿದ್ದ ಹಾಗೆ ಆಗುತ್ತದೆ. ಅವನು ಒಮ್ಮೆ ಹಾಗೆ ನೋಡಿದ. ಎರಡನೆಯ ಸಲ ನೋಡುವಾಗ ಅದು ಮೊದಲಿಗಿಂತ ಸಲೀಸಾಗಿತ್ತು. ಮೂರನೆಯ ಸಲ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

ಟಚ್‌ಡೌನ್ ಎಂದರೆ ಏನಾಗುತ್ತದೆ ಎಂದೂ ಯೋಚಿಸಿದ. ಬ್ಯಾಂಡು ನಿಲ್ಲುತ್ತದೆ. ಗೆದ್ದೆವೆಂದು ಹೆಗಲ ಮೇಲೆ ಹೊತ್ತುಕೊಂಡ ಹುಡುಗರನ್ನು ಕೆಳಗಿಳಿಸುತ್ತಾರೆ. ಮೇಲಿನ ಕೋಣೆಯವನು ಪೆನ್ನು ತೆಗೆಯುತ್ತಾನೆ. ಸೋಮವಾರ ಬೇರೆ ಐವರಿಗೆ ಫೋನು ಹೋಗುತ್ತದೆ. ವರ್ನನ್ ಪಟ್ಟೆ ಅಂಗಿಯನ್ನು ಒಗೆದು ಮಡಚಿ ಇಡುತ್ತಾರೆ. ತಾನು ಮಾಡಿದ ತಪ್ಪಿಗೆ ಈ ಮನುಷ್ಯ ಏಕೆ ತೆರಬೇಕು? ವೆಲ್‌ಬರ್ಗ್‌ನ ಹುಡುಗರು ತಾನೆ ಏಕೆ ತೆರಬೇಕು? ಆದರೆ ಆ ಹುಡುಗರ ಹೆಸರುಗಳು ಅವನಿಗೆ ಗೊತ್ತಿರಲಿಲ್ಲ. ಅಂಗಿಯ ಮೇಲಿನ ಸಂಖ್ಯೆಗಳಷ್ಟೇ ಗೊತ್ತಿದ್ದವು.

"ಸರಿ," ಎಂದ ಅವನು. "ಡೆನ್ನಿಸ್ ಎದುರಿಗಿದ್ದ. ತೋಳು ಮುಂದಕ್ಕೆ ಬರ್ತಿತ್ತು. ಪಾಸ್."

"ಪಾಸ್," ಎಂದ ಡೆನ್ನಿಸ್.

ವರ್ನನ್ ತಲೆಯಾಡಿಸಲಿಲ್ಲ. ಬೇಡ ಎನ್ನಲೂ ಇಲ್ಲ. ಕುಂಟುತ್ತ ಗೋಲು ಗೆರೆಯ ಕಡೆಗೆ ನಡೆದುಹೋದರು.

ಸ್ವೋಬೋಡ ನಿಂತ ಜಾಗದಲ್ಲೇ ನಿಂತಿದ್ದ. ಅವನ ಹಿಂದೆ ವೆಲ್‌ಬರ್ಗ್‌ನ ಹುಡುಗರು ಒಂದು ಮಂಡಿ ಊರಿ ಸಾಲಾಗಿ ಕುಳಿತಿದ್ದರು, ಹೆಲ್ಮೆಟ್ ತೆಗೆದಿರಲಿಲ್ಲ. ಲೈಲ್ ಬಂದು ಹೇಳಿದ:

"ನಿಯಮದ ಬಗ್ಗೆ ನೀನು ಹೇಳಿದ್ದು ಸರಿ, ಕೋಚ್. ಆದ್ರೆ ನಮ್ಮ ತಂಡ ಮಾತಾಡಿದ ಮೇಲೆ, ಅದು ಫಂಬಲ್ ಅಲ್ಲ. ತೋಳು ಮುಂದಕ್ಕೆ ಬಂದಿತ್ತು. ಪಾಸ್, ನೆಲಕ್ಕೆ ಬಿತ್ತು."

ಸ್ವೋಬೋಡ ಮೈದಾನದ ಕಡೆ ನೋಡಿದ.

"ಅಲ್ಲಿ ಚೀಲ ಇತ್ತು."

"ಇತ್ತು. ನಾನು ಅವಸರ ಮಾಡಿದೆ."

"ನೀನು ನನ್ನ ಮುಖ ನೋಡಿ ಫಂಬಲ್ ಅಂದೆ. ಎರಡು ಸಲ ನನ್ನ ಕಿವಿಗೆ ಬಿತ್ತು."

"ಅಂಪೈರ್‌ಗೆ ಚೆನ್ನಾಗಿ ಕಾಣ್ತಿತ್ತು."

"ಯಾವಾಗ ಕಂಡಿತು ಅವನಿಗೆ? ನಾನು ನಿಯಮ ಹೇಳೋಕೆ ಮುಂಚೆಯೋ, ಆಮೇಲೆಯೋ?"

ಲೈಲ್ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ನಾನು ನಿಯಮ ಕೇಳಿದೆ, ನೀನು ಕಣ್ಣು ಬದಲಾಯಿಸಿದೆ," ಎಂದ ಸ್ವೋಬೋಡ. ದನಿ ಏರಲಿಲ್ಲ. "ನಿನ್ನ ಬಾಯಿಂದ ಒಂದ್ಸಲ ಕೇಳಿಬಿಡ್ತೀನಿ. ಆ ಹುಡುಗನ ತೋಳು ಮುಂದಕ್ಕೆ ಬಂದಿತ್ತಾ?"

"ಬಂದಿತ್ತು."

"ಹಾಗಾದ್ರೆ ನಾನು ಕೇಳೋಕೆ ಏನೂ ಉಳಿದಿಲ್ಲ. ಕಂಡದ್ದು ನಿನ್ನದು ಅಂತ ನಾನೇ ಅಂದಿದ್ದೆ."

ಅವನು ತಿರುಗಿ ಹುಡುಗರ ಬಳಿಗೆ ಹೋದ. ಏನು ಹೇಳಿದನೋ ಲೈಲ್‌ಗೆ ಕೇಳಿಸಲಿಲ್ಲ. ಸಾಲಿನಿಂದ ಒಬ್ಬ ಎದ್ದು, ಕೋಚ್ ಕರೆದರೂ ನಿಲ್ಲದೆ, ನೇರ ಲೈಲ್ ಕಡೆ ಬಂದ. ಹತ್ತನೆಯ ಸಂಖ್ಯೆಯ ಅಂಗಿ. ಕೇಡ್ ಮರೇಶ್. ಗದ್ದದ ಮೇಲೆ ಮಣ್ಣು ಮೆತ್ತಿತ್ತು.

"ಸರ್, ನಾನು ಎಸೀಲೇ ಇಲ್ಲ."

"ನಿನ್ನ ಸಾಲಿಗೆ ಹೋಗು, ಮಗಾ."

"ಸರ್, ಪಾಸ್ ಅಂದ್ರಂತೆ. ನಾನು ಚೆಂಡು ಒಳಗೆ ಎಳ್ಕೊಂಡಿದ್ದೆ. ಓಡ್ತಿದ್ದೆ. ಕೈಜಾರಿಸಿದ್ದು ನಾನು, ನನ್ನದೇ ತಪ್ಪು, ಒಪ್ಕೋತೀನಿ. ಆದ್ರೆ ಎಸೀಲಿಲ್ಲ, ಸರ್. ನನ್ನ ಮೊಣಕೈ ಇಲ್ಲಿತ್ತು." ಅವನು ಮೊಣಕೈಯನ್ನು ಪಕ್ಕೆಗೆ ಒತ್ತಿ ತೋರಿಸಿದ. "ನೀವು ನನ್ನ ಹಿಂದೇನೇ ಇದ್ರಿ."

ಲೈಲ್ ಅದೇ ಮೊಣಕೈಯನ್ನು, ಅದೇ ಪಕ್ಕೆಯನ್ನು ನೋಡಿದ. ಗೋಲು ಗೆರೆಯ ಕಡೆಗೆ ತಿರುಗಿದ. ವರ್ನನ್ ಅವನಿಗೆ ಬೆನ್ನು ಹಾಕಿ ಮೂಲೆಯ ಕಿತ್ತಳೆ ಬಣ್ಣದ ಕಂಬದ ಹತ್ತಿರ ನಿಂತಿದ್ದರು. ಮೇಲಿನ ಕೋಣೆಯ ದೀಪ ಉರಿಯುತ್ತಿತ್ತು. ಈಗಲೂ ಹೇಳಬಹುದಿತ್ತು. ರೆಫರಿ ಚೆಂಡನ್ನು ಒಂದು ಕೈಯಲ್ಲಿ ತಲೆಯ ಮೇಲೆ ಎತ್ತುವವರೆಗೆ ಪಂದ್ಯ ಮುಗಿಯುವುದಿಲ್ಲ. ಎತ್ತಿದ ಮೇಲೆ ಪಂದ್ಯವನ್ನು ಯಾರೂ ಮತ್ತೆ ತೆರೆಯಲಾರರು, ರಾಜ್ಯದ ಸಂಘವೂ ತೆರೆಯಲಾರದು.

"ಸರ್, ದಯವಿಟ್ಟು," ಎಂದ ಕೇಡ್.

"ಹೋಗು," ಎಂದ ಲೈಲ್. ದನಿ ತನ್ನದಲ್ಲ ಎನ್ನಿಸಿತು. ಮತ್ತೊಮ್ಮೆ ಹೇಳಿದ, "ಹೋಗು."

ಚೆಂಡು ಎಲ್ಲಿ ಎಂದು ಹುಡುಕಿದ. ಅದು ಇನ್ನೂ ಟ್ಯಾನರ್ ವೊಬೋರಿಲ್ ಬಳಿ ಇತ್ತು. ಆ ದಢೂತಿ ಹುಡುಗ ಅದನ್ನು ಎರಡೂ ಕೈಗಳಿಂದ ಹೊಟ್ಟೆಗೆ ಅವುಚಿಕೊಂಡು ಕುಳಿತಿದ್ದ. ಬಿಟ್ಟರೆ ಟಚ್‌ಡೌನ್ ಹೋಗುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರು. ಲೈಲ್ ಕೈ ಚಾಚಿದ. ಹುಡುಗ ಕೋಚ್ ಕಡೆ ನೋಡಿದ. "ಕೊಡು, ಟ್ಯಾನರ್," ಎಂದ ಸ್ವೋಬೋಡ. ಹುಡುಗ ಕೊಟ್ಟ.

ಲೈಲ್ ಅದನ್ನು ತಲೆಯ ಮೇಲೆ ಎತ್ತಿದ. ಬ್ಯಾಂಡಿನವರು ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು.

ಪೊಲೀಸರಿಬ್ಬರು ತೀರ್ಪುಗಾರರನ್ನು ಕೋಣೆಯವರೆಗೆ ಬಿಟ್ಟರು. ಅದರ ಅಗತ್ಯವೇನೂ ಇರಲಿಲ್ಲ. ವೆಲ್‌ಬರ್ಗ್‌ನಿಂದ ಬಂದವರು ಸದ್ದಿಲ್ಲದೆ ಕಾರುಗಳ ಕಡೆಗೆ ಹೋಗುತ್ತಿದ್ದರು. ರೆಡ್ ಮಿಲ್‌ನ ಯಾರೋ ಮಹಿಳೆ ಐವರಿಗೂ ಕಾಗದದ ಬಟ್ಟಲಿನಲ್ಲಿ ಚಿಲಿ ಎಂಬ ಮಾಂಸ-ಕಾಳಿನ ಸಾರು, ಅದರ ಜೊತೆ ಅಲ್ಲಿನ ಪದ್ಧತಿಯಂತೆ ದಾಲ್ಚಿನ್ನಿ ರೋಲ್ ತಂದಿಟ್ಟಿದ್ದಳು. ಚಿಕ್ಕವರಿಬ್ಬರು ತಿಂದರು. ವೀಕ್ಷಕ ಬಂದು ಎಲ್ಲರ ಕೈಕುಲುಕಿದ. "ಕೊನೇ ಆಟ ಕಷ್ಟದ್ದು," ಎಂದ. "ಒಟ್ಟಿಗೆ ಸೇರಿ ಮಾತಾಡಿದ್ದು ಒಳ್ಳೇದಾಯ್ತು. ಮೇಲಿಂದ ನನಗೂ ಸರಿಯಾಗಿ ಕಾಣ್ಲಿಲ್ಲ."

ಬರುವಾಗಲೂ ಹೋಗುವಾಗಲೂ ಐವರು ಒಂದೇ ಕಾರಿನಲ್ಲಿ ಪ್ರಯಾಣ ಮಾಡುವುದು ಅವರ ರೂಢಿ. ಹಿಂತಿರುಗುವಾಗ ಪಂದ್ಯದ ಒಂದೊಂದು ಆಟವನ್ನೂ ಎತ್ತಿಕೊಂಡು ಜಗಳ ಆಡುತ್ತಾರೆ. ಆ ಸಂಜೆ ಯಾರೂ ಎತ್ತಿಕೊಳ್ಳಲಿಲ್ಲ. ಕೊಯ್ದ ಜೋಳದ ಹೊಲಗಳ ನಡುವಿನ ಹೆದ್ದಾರಿಗೆ ಬಂದ ಮೇಲೆ ಡೆನ್ನಿಸ್, "ಹಸು ಕೊಳ್ತಿದೀರಾ ಅಂದ್ನಲ್ಲ ಅವನು," ಎಂದು ನಗಲು ನೋಡಿದ. ಜೊತೆಗೆ ಯಾರೂ ನಗಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ವರ್ನನ್ ಕೇಳಿದರು: "ಚೀಲ ಯಾರ ಹತ್ರ ಇದೆ?"

"ನನ್ನ ಹತ್ರ," ಎಂದ ಡೆನ್ನಿಸ್.

"ಅದು ಲೈಲ್‌ದು. ವಾಪಸ್ ಕೊಡು."

ಡೆನ್ನಿಸ್ ಹಿಂದಿನ ಸೀಟಿನಿಂದ ಚೀಲವನ್ನು ಮುಂದಕ್ಕೆ ಚಾಚಿದ. ಕಾರು ಓಡಿಸುತ್ತಿದ್ದ ಲೈಲ್ ಒಂದು ಕೈಯಿಂದ ಅದನ್ನು ತೆಗೆದುಕೊಂಡ. ಎಲ್ಲಿ ಇಡಬೇಕೆಂದು ತೋಚದೆ ಮನೆಯವರೆಗೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದ.

ಶನಿವಾರ ಬೆಳಗಾಗುವಷ್ಟರಲ್ಲಿ ವೆಲ್‌ಬರ್ಗ್ ಶಾಲೆಯ ಕ್ಯಾಮೆರಾದವರು ತೆಗೆದ ವಿಡಿಯೊ ಎಲ್ಲರ ಫೋನುಗಳಲ್ಲಿ ಓಡಾಡುತ್ತಿತ್ತು. ಅದರಲ್ಲಿ ಕೇಡ್‌ನ ತೋಳು ಸ್ಪಷ್ಟವಾಗಿ ಕಾಣುತ್ತದೆ. ಪೆಟ್ಟು ಬೀಳುವಾಗ ಮೊಣಕೈ ಪಕ್ಕೆಯಲ್ಲಿದೆ. ಚೀಲ ಬೀಳುವುದೂ ಕಾಣುತ್ತದೆ. ಅದನ್ನು ಎತ್ತಿದ್ದು ಕಾಣುವುದಿಲ್ಲ, ಅಷ್ಟರಲ್ಲಿ ಕ್ಯಾಮೆರಾ ಗೆದ್ದವರ ಕಡೆಗೆ ತಿರುಗಿತ್ತು. ಸ್ವೋಬೋಡ ದೂರು ಕೊಡಲಿಲ್ಲ. ಕೊಟ್ಟಿದ್ದರೂ ಸಂಘ ತೆಗೆದುಕೊಳ್ಳುವಂತಿರಲಿಲ್ಲ. ಸಂಘದ ಸಮಿತಿ ಆ ವಿಡಿಯೊವನ್ನು ಭಾನುವಾರ ನೋಡಿತು. ರೆಫರಿಯ ಕಣ್ಣು ತಪ್ಪಿದೆ, ಗುಂಪಿನ ನಡುವೆ ಇಂಥದ್ದು ಆಗುತ್ತದೆ, ನಿಯಮದ ತಿಳಿವಳಿಕೆಯಲ್ಲಿ ಲೋಪ ಇಲ್ಲ ಎಂದು ತೀರ್ಮಾನಿಸಿತು.

ಸೋಮವಾರ ಬೆಳಿಗ್ಗೆ ಲೈಲ್‌ಗೆ ಫೋನು ಬಂತು. ಫೈನಲ್ ಅವನ ತಂಡಕ್ಕೆ ಸಿಕ್ಕಿತ್ತು. ಅವನು ಅಂಗಡಿಯ ಹಿಂಬದಿಗೆ ಹೋಗಿ ಬೀಜದ ಮೂಟೆಗಳ ನಡುವೆ ನಿಂತು ವರ್ನನ್‌ಗೆ ಫೋನು ಮಾಡಿದ.

"ವರ್ನ್, ನಮಗೇ ಸಿಕ್ತು."

"ಗೊತ್ತು. ಅವರು ನನಗೂ ಮಾಡಿದ್ರು."

"ಪಾಲೀನ್‌ಗೆ ಹೇಳಿದ್ರಾ?"

"ಹೇಳಿದೆ. ನನ್ನ ಹೆಸರು ತೆಗೆಸಿದೀನಿ, ಲೈಲ್. ಈಗ ತಾನೆ."

"ಏನಂದ್ರಿ?"

"ಬೇರೆಯವರನ್ನ ಹಾಕ್ಕೊಳ್ಳಿ ಅಂದೆ. ಕಾರಣ ಅವರು ಕೇಳ್ಲಿಲ್ಲ. ಮಂಡಿ ಅಂದ್ಕೊಂಡ್ರು."

"ವರ್ನ್, ನಾನು ಅದನ್ನ ಮಾಡಿದ್ದೇ..."

"ಯಾತಕ್ಕೆ ಮಾಡಿದೆ ಅಂತ ನನಗೆ ಗೊತ್ತು. ನಾನು ಅಲ್ಲೇ ನಿಂತಿದ್ದೆ. ಬೇಡ ಅನ್ಬಹುದಿತ್ತು. ಅನ್ಲಿಲ್ಲ."

"ಈಗಲೂ ಫೋನು ಮಾಡಿ ಹೇಳಿ. ಇನ್ನೂ ಬೇರೆಯವರನ್ನ ಹಾಕಿರಲ್ಲ. ನಾನೇ ಮಾಡ್ತೀನಿ. ವರ್ನ್, ಕೇಳಿ, ನೀವು ಬರದಿದ್ರೆ ನಾನು ಮಾಡಿದ್ದೆಲ್ಲ ವ್ಯರ್ಥ. ನಿಮ್ಮ ಕಾಲಿಗೆ ಬೀಳ್ತೀನಿ."

"ಇಷ್ಟು ದಪ್ಪ ಇದೀಯ, ಬಿದ್ರೆ ಯಾರು ಎತ್ತೋದು," ಎಂದರು ವರ್ನನ್. ಆಮೇಲೆ ಫೋನು ಇಟ್ಟರು.

ಅಂದು ಲೈಲ್ ಮತ್ತೆ ಎರಡು ಸಲ ಫೋನು ಮಾಡಿದ. ಎರಡು ಸಲವೂ ಪಾಲೀನ್ ಎತ್ತಿಕೊಂಡು, ಅವರು ಹೊರಗೆ ಹೋಗಿದ್ದಾರೆ ಎಂದರು. ಸಮಿತಿಗೆ ಫೋನು ಮಾಡಿ ತಾನೂ ಬರುವುದಿಲ್ಲ ಎನ್ನಬೇಕೆಂದು ಸಂಖ್ಯೆ ಒತ್ತಿದ. ಆ ಕಡೆಯವರು ಎತ್ತಿಕೊಂಡಾಗ, ಪಂದ್ಯ ಎಷ್ಟು ಗಂಟೆಗೆ ಎಂದಷ್ಟೇ ಕೇಳಿದ.

ಫೈನಲ್ ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ನಡೆಯಿತು. ರೆಡ್ ಮಿಲ್ ಸೋತಿತು. ವರ್ನನ್ ನಿಲ್ಲಬೇಕಾಗಿದ್ದ ಗೆರೆಯ ಮೇಲೆ ಬೇರೆ ಊರಿನ, ಲೈಲ್‌ಗೆ ಪರಿಚಯವಿಲ್ಲದ ಒಬ್ಬರು ನಿಂತರು. ಅವರು ತಮ್ಮದೇ ಕಾರಿನಲ್ಲಿ ಬಂದಿದ್ದರು.